ಅಂಧರ ಕೈಗೆ ಕಾಯಕವನ್ನಿತ್ತ ಗಾನಯೋಗಿ

ಹಸಿದವರಿಗೆ ಅನ್ನವನ್ನಿಕ್ಕುವ ದಾನಿಗಳು ನಮ್ಮ ನಾಡಿನಲ್ಲಿ ಎಂದಿಗೂ ಕಡಮೆಯಾಗಿಲ್ಲ. ಆದರೆ ಹಸಿದವನು ತನ್ನ ಅನ್ನವನ್ನು ತಾನೇ ಗಳಿಸಿಕೊಳ್ಳುವಂತೆ ಮಾಡುವವರು ವಿರಳ. ಕಣ್ಣಿಲ್ಲದ ಕೂಸಿಗೆ ವಿದ್ಯೆಯನ್ನು ಕಲಿಸಿ, ಕಲಿತ ಮೇಲೆ ಅದು ಮನುಷ್ಯನಾಗಿ ಬಾಳುವ ಬಗೆಯನ್ನೂ ತೋರಿಸಿಕೊಟ್ಟ ಮಹನೀಯರಲ್ಲಿ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಗಾನಯೋಗಿ ಪಂಚಾಕ್ಷರ ಗವಾಯಿಗಳವರು ಅಗ್ರಗಣ್ಯರು. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಅವರ ಚರಿತ್ರವನ್ನು ಸ್ಮರಿಸುವುದು ನಮಗೆಲ್ಲರಿಗೂ ಶ್ರೇಯಸ್ಕರವಾದುದು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ನೆಯ ಇಸವಿ ಫೆಬ್ರವರಿ 2ರಂದು ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಶಿವಭಕ್ತ ದಂಪತಿಗಳಲ್ಲಿ ಇವರು ಜನಿಸಿದರು. ತಂದೆತಾಯಿಗಳಿಟ್ಟ ಹೆಸರು ಗದಿಗೆಯ್ಯ. ಇವರೂ ಇವರ ಸೋದರ ಗುರುಬಸಯ್ಯನೂ ಹುಟ್ಟುಗುರುಡರು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಹೀಗಾದರೆ ಬಡ ತಾಯ ಹೃದಯವು ಹೇಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ತಾವಿರುವವರೆಗೆ ಸಾಕಿಯೇವು, ನಮ್ಮ ಬಳಿಕ ಇವರ ಗತಿಯೇನು ಎಂಬ ಚಿಂತೆಯು ಅಂಥ ಮನೆಗಳಲ್ಲಿ ಅಂದಿಗೂ ಇದ್ದಿತು, ಇಂದಿಗೂ ಇರುವುದು.

ಆ ಚಿಂತೆಗೆ ಉತ್ತರವಾಗಿ ಬಂದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು. 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಪುಣ್ಯಪುರುಷರು ಈ ಬಾಲಕರ ಕಂಠಮಾಧುರ್ಯವನ್ನು ಗುರುತಿಸಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅವರು ಬಾಲಕರಿಗೆ ಊಟವಿಟ್ಟು ಸುಮ್ಮನೆ ಕೂಡಿಸಲಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ತಕ್ಕ ಗುರುಗಳನ್ನು ಹುಡುಕಿ, ವರ್ಷಗಟ್ಟಲೆ ವೆಚ್ಚವನ್ನು ವಹಿಸಿ, ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಬಳಿಕ ಮಿರಜಿನ ನೀಲಕಂಠಬುವಾ ಅವರಂಥ ವಿದ್ವಾಂಸರಿಂದ ಹಿಂದೂಸ್ತಾನಿ ಸಂಗೀತವನ್ನೂ ಕಲಿಸಿದರು. ಗದಿಗೆಯ್ಯನು ಪಂಚಾಕ್ಷರ ಗವಾಯಿಯಾದನು. ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವವನ್ನು ಪಡೆದು ಉಭಯಗಾನ ವಿಶಾರದರೆಂಬ ಕೀರ್ತಿಗೆ ಪಾತ್ರರಾದರು.

ಇಷ್ಟು ವಿದ್ಯೆಯಿದ್ದವರು ಯಾವುದಾದರೊಂದು ಸಂಸ್ಥಾನದ ಆಸ್ಥಾನವನ್ನು ಸೇರಿ ಸುಖವಾಗಿರಬಹುದಾಗಿತ್ತು. ಹಾಗೆ ಮಾಡದೆ ಅವರು ಅಂಧ ಅನಾಥ ಬಾಲಕರನ್ನು ಕೂಡಿಸಿಕೊಂಡು ಊರೂರು ತಿರುಗುವ ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಇಂದು ಒಂದು ಮಠದ ಪಡಸಾಲೆ, ನಾಳೆ ಒಂದು ಗುಡಿಯ ಪೌಳಿ. ಭಿಕ್ಷೆಯಿಂದ ಬಂದುದೇ ಪ್ರಸಾದ. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆಯು ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ.

ಈ ಗುರುಕುಲದ ಶಿಕ್ಷಣಕ್ರಮವನ್ನು ವಿಚಾರಿಸಿ ನೋಡಿದರೆ ಗವಾಯಿಗಳವರ ದೂರದೃಷ್ಟಿಯು ತಿಳಿದುಬರುವುದು. ಎಲ್ಲರಿಗೂ ಇಂಪಾದ ಕಂಠವಿರುವುದಿಲ್ಲ. ಕಂಠವಿಲ್ಲದವನಿಗೆ ತಬಲ, ಬೆರಳು ಚುರುಕಾದವನಿಗೆ ಹಾರ್ಮೋನಿಯಂ ಅಥವಾ ಪಿಟೀಲು, ಮಾತಿನ ಶಕ್ತಿಯಿದ್ದವನಿಗೆ ಪುರಾಣ ಪ್ರವಚನ ಕೀರ್ತನೆ. ಹೀಗೆ ಶಿಷ್ಯನ ಶಕ್ತಿಯನ್ನರಿತು ವಿದ್ಯೆ. ಕಣ್ಣುಳ್ಳವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಕಲಿತರು. ಮುಂದೆ ಹಿಂದೂಸ್ತಾನಿ ಗಾಯನದಲ್ಲಿ ದೇಶವಿಖ್ಯಾತರಾದ ಬಸವರಾಜ ರಾಜಗುರುಗಳೂ ಇಲ್ಲಿಯ ಶಿಷ್ಯರೇ. ಆಶ್ರಮದ ಆಶ್ರಯದಲ್ಲಿ ನಾಟಕ ಮಂಡಳಿಯೂ ನಡೆಯಿತು. ಅದರಿಂದ ಆಶ್ರಮದ ಹೊಟ್ಟೆಪಾಡಿಗೆ ಸಹಾಯವಾದುದಲ್ಲದೆ, ಗುರುವಿನ ನೆರಳಿನಲ್ಲಿರುವಾಗಲೇ ಶಿಷ್ಯನು ಸಭೆಯನ್ನೆದುರಿಸಲು ಕಲಿಯುವಂತಾಯಿತು. ಪಾಠಶಾಲೆಗೂ ಪ್ರಪಂಚಕ್ಕೂ ನಡುವೆ ಅದೊಂದು ಸೇತುವೆಯಾಯಿತು. ಹೀಗೆ ಸಿದ್ಧರಾದವರು ಸಂಗೀತ ಶಿಕ್ಷಕರಾಗಿ, ವಾದ್ಯಗಾರರಾಗಿ, ಕೀರ್ತನಕಾರರಾಗಿ ನಾಡಿನಲ್ಲೆಲ್ಲ ಹರಡಿದರು. ಭಿಕ್ಷಾಪಾತ್ರೆಯನ್ನು ಹಿಡಿಯಬೇಕಾಗಿದ್ದ ಕೈಗಳು ಕಾಯಕವನ್ನು ಹಿಡಿದುವು. ಕಾಯಕವಿಲ್ಲದವನಿಗೆ ದಾಸೋಹದ ಭಾಗ್ಯವೂ ಇಲ್ಲವೆಂಬ ಶರಣಧರ್ಮದ ಮರ್ಮವು ಇದೇ ಅಲ್ಲವೆ?

1944ನೆಯ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು ಅವರ ಆಶ್ರಯಕ್ಕೆ ಬಂದಿದ್ದ ಶಿಷ್ಯರಾದ ಪುಟ್ಟರಾಜ ಗವಾಯಿಗಳವರು ಆ ಭಾರವನ್ನು ಹೊತ್ತು 2010ರವರೆಗೆ ನಡೆಸಿದರು. ಶಿಷ್ಯನೇ ಆಶ್ರಮಕ್ಕೆ ಒಡೆಯನಾಗುವಷ್ಟು ಅವನನ್ನು ಬೆಳೆಯಿಸಿದ ಶಿಕ್ಷಣಕ್ಕೆ ಬೇರೆ ಪ್ರಮಾಣವೇಕೆ?

ನಮ್ಮ ಶಿವಮೊಗ್ಗ ಭದ್ರಾವತಿಗಳ ಭಕ್ತರು ಈ ಚರಿತ್ರವನ್ನು ಕೇಳಿ ಕೈಮುಗಿದರಷ್ಟೇ ಸಾಲದು. ಗವಾಯಿಗಳವರು ಮಕ್ಕಳನ್ನು ಕೂಡಿಸಿಕೊಂಡು ತಿರುಗುತ್ತಿದ್ದ ಕಾಲದಲ್ಲಿಯೇ, 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯು ಉರಿಯತೊಡಗಿ ಸಾವಿರಾರು ಮನೆಗಳಿಗೆ ಅನ್ನವನ್ನು ಕೊಟ್ಟಿತು. ಆ ಊರಿನವರಿಗೆ ದುಡಿಮೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಶಿವಮೊಗ್ಗದಲ್ಲಿ ಶಾರದಾದೇವಿ ಅಂಧರ ವಿಕಾಸ ಕೇಂದ್ರದಂಥ ಸಂಸ್ಥೆಯು ಅಂಧ ಮಕ್ಕಳಿಗೆ ವಿದ್ಯೆಯ ಆಸರೆಯಾಗಿದೆ. ಈಗ ಸರಕಾರದ ಕಾನೂನೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಹೆಚ್ಚಿನ ನ್ಯೂನತೆಯುಳ್ಳವರಿಗೆ 6ರಿಂದ 18 ವರ್ಷಗಳವರೆಗೆ ಉಚಿತ ಶಿಕ್ಷಣದ ಹಕ್ಕನ್ನೂ, ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ರ ಮೀಸಲಾತಿಯನ್ನೂ ವಿಧಿಸಿರುವುದು.

ಆದರೆ 18 ತುಂಬಿದ ಮರುದಿನ ಬೆಳಗ್ಗೆ ಆ ಹುಡುಗನು ಎಲ್ಲಿಗೆ ಹೋಗಬೇಕು? ಶಾಲೆಯ ಬಾಗಿಲು ಹಿಂದೆ ಮುಚ್ಚಿತು. ಮುಂದಿನ ಬಾಗಿಲನ್ನು ತೆರೆಯುವವರಾರು? ಸರಕಾರಿ ಹುದ್ದೆಗಳು ಎಲ್ಲರಿಗೂ ಸಾಲುವುದಿಲ್ಲ. ಸಂಗೀತವೊಂದೇ ಎಲ್ಲರಿಗೂ ದಾರಿಯೂ ಅಲ್ಲ. ಬುದ್ಧಿಯ ಬೆಳವಣಿಗೆಯು ಕುಂಠಿತವಾದ ಮಕ್ಕಳಿಗೆ, ಕಿವಿ ಕೇಳದವರಿಗೆ ಬೇರೆ ಬೇರೆ ಕಾಯಕಗಳು ಬೇಕು. ಗವಾಯಿಗಳವರು ನಮಗೆ ಬಿಟ್ಟುಹೋದ ಪಾಠವು ರಾಗತಾಳಗಳಿಗಿಂತಲೂ ದೊಡ್ಡದು: ಮಗುವಿನ ಶಕ್ತಿಯನ್ನು ಮೊದಲು ಅರಿಯುವುದು, ಶಾಲೆಯಲ್ಲಿರುವಾಗಲೇ ಕೆಲಸದ ರುಚಿಯನ್ನು ತೋರಿಸುವುದು, ಕಾಲಮೇಲೆ ನಿಲ್ಲುವವರೆಗೆ ಕೈಬಿಡದಿರುವುದು. ಅಂಗಡಿಯುಳ್ಳವರು, ಗಿರಣಿಯುಳ್ಳವರು, ಅಚ್ಚುಕೂಟವುಳ್ಳವರು ಒಬ್ಬೊಬ್ಬರು ಒಬ್ಬೊಬ್ಬ ತರುಣನನ್ನು ಕೆಲಸ ಕಲಿಯಲು ಕರೆದುಕೊಂಡು, ಕಲಿತ ಬಳಿಕ ತಕ್ಕ ಸಂಬಳವನ್ನು ಕೊಟ್ಟರೆ ಸಾಕು. ಆತನ ತಾಯಿಯು ಆ ರಾತ್ರಿ ನಿಶ್ಚಿಂತೆಯಿಂದ ನಿದ್ರಿಸುವಳು.

ಮಹೋತ್ಸವದ ದೀಪಗಳು ಕೆಲವು ದಿನ ಉರಿದು ನಂದುವುವು. ಒಬ್ಬ ಮನುಷ್ಯನ ಕೈಗೆ ಕೊಟ್ಟ ಕಾಯಕವು ಅವನ ಬಾಳೆಲ್ಲ ಬೆಳಗುವುದು. ಗಾನಯೋಗಿಗಳವರ ಕೃಪೆಯಿಂದ ನಮಗೆ ಅಂಥ ಬುದ್ಧಿಯುಂಟಾಗಲಿ.