ಹುಲ್ಲುಗಾವಲಿನ ಮಾತೆ ಕ್ಯಾರೊಲೈನ್ ಇಂಗಲ್ಸ್

ಗೊಟಗೋಡಿ, ಶಿಗ್ಗಾಂವಿ, ಸವಣೂರು ಮೊದಲಾದ ಕಡೆಗಳಲ್ಲಿ ಹೊಲದ ಉತಾರವು ಬಹುಮಟ್ಟಿಗೆ ಗಂಡಸಿನ ಹೆಸರಿನಲ್ಲಿ ಇರುತ್ತದೆ. ಆದರೆ ಒಕ್ಕಲುತನದ ಬಾಳುವೆಯು ಹೆಂಗಸಿನ ದುಡಿಮೆಯಿಲ್ಲದೆ ಸಾಗದೆಂಬುದನ್ನು ನಮ್ಮ ಪಾಲಕರೆಲ್ಲರೂ ಬಲ್ಲರು. ಹತ್ತೊಂಬತ್ತನೆಯ ಶತಮಾನದ ಅಮೇರಿಕ ದೇಶದ ಹುಲ್ಲುಗಾವಲಿನಲ್ಲಿಯೂ ಇದೇ ರೀತಿಯಾಗಿತ್ತು. ಅಲ್ಲಿ ನೆಲೆನಿಂತ ಒಕ್ಕಲಿಗ ಮಾತೆಯರಲ್ಲಿ ಕ್ಯಾರೊಲೈನ್ ಇಂಗಲ್ಸಳ ಹೆಸರು ಲೋಕಪ್ರಸಿದ್ಧವಾದದ್ದು. ಆ ಸಾಧ್ವಿಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರುವದು ಯೋಗ್ಯವಾಗಿದೆ.

ಈಕೆಯು 1839ನೆಯ ಇಸವಿಯ ಡಿಸೆಂಬರ 12ರಂದು ವಿಸ್ಕಾನ್ಸಿನ್ ಪ್ರಾಂತದಲ್ಲಿ ಜನಿಸಿದಳು. ಎಳೆಯ ವಯಸ್ಸಿನಲ್ಲಿಯೇ ತಂದೆಯು ಮಿಶಿಗನ್ ಸರೋವರದಲ್ಲಿ ಹಡಗು ಮುಳುಗಿ ತೀರಿಹೋದನು. ತಾಯಿಯು ಕಡುಬಡತನದಲ್ಲಿ ಮಕ್ಕಳನ್ನು ಸಾಕಿದಳು. ಆ ಬಡತನದಲ್ಲಿಯೂ ಕ್ಯಾರೊಲೈನಳು ವಿದ್ಯೆಯನ್ನು ಬಿಡದೆ, ವಿವಾಹಕ್ಕೆ ಮುಂಚೆ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. 1860ರ ಫೆಬ್ರುವರಿ 1ರಂದು ಚಾರ್ಲ್ಸ್ ಇಂಗಲ್ಸನೊಡನೆ ಆಕೆಯ ವಿವಾಹವಾಯಿತು.

1862ರಲ್ಲಿ ಅಮೇರಿಕದ ಸರಕಾರವು ಒಂದು ಕಾಯದೆಯನ್ನು ಮಾಡಿತು. 160 ಎಕರೆ ಸರಕಾರಿ ಭೂಮಿಯ ಮೇಲೆ 5 ವರುಷ ವಾಸಿಸಿ ಸಾಗುವಳಿ ಮಾಡಿದವರಿಗೆ ಅಲ್ಪ ಶುಲ್ಕದಲ್ಲಿ ಅದರ ಒಡೆತನವು ದೊರೆಯುತ್ತಿತ್ತು. ವಿಧವೆಯೂ ಅವಿವಾಹಿತೆಯೂ ತಮ್ಮ ಹೆಸರಿನಿಂದ ಅರ್ಜಿ ಮಾಡಬಹುದಾಗಿತ್ತು. ಗಂಡನೊಡನೆ ಬಾಳುವ ಸ್ತ್ರೀಗೆ ಮಾತ್ರ ಆ ಹಕ್ಕು ಇದ್ದಿಲ್ಲ. ಹೀಗೆ ಕ್ಯಾರೊಲೈನಳು ದುಡಿದ ನೆಲವು ಗಂಡನ ಹೆಸರಿನದೇ ಆಯಿತು.

ಚಾರ್ಲ್ಸನಿಗೆ ಹೊಸ ನೆಲದ ಹಂಬಲವು ಬಹಳ. 1869ರಲ್ಲಿ ಈ ಕುಟುಂಬವು ಬಂಡಿಯನ್ನೇರಿ ಕಾನ್ಸಾಸ್ ಪ್ರಾಂತಕ್ಕೆ ಹೋಗಿ ಮನೆ ಕಟ್ಟಿತು. ಆದರೆ ಆ ಭೂಮಿಯು ಓಸೇಜ್ ಎಂಬ ಮೂಲನಿವಾಸಿ ಜನರದಾಗಿತ್ತು. ಬಿಳಿಯರು ನೆಲೆಯೂರಲು ಅದಿನ್ನೂ ತೆರೆದಿರಲಿಲ್ಲ. ಒಬ್ಬರ ಹೊಸ ಬಾಳುವೆಗಾಗಿ ಮತ್ತೊಬ್ಬರು ನೆಲ ಕಳೆದುಕೊಂಡರೆಂಬ ಸತ್ಯವನ್ನು ನಾವು ಮರೆಯಲಾಗದು. 1871ರಲ್ಲಿ ಇಂಗಲ್ಸರು ಆ ಮನೆಯನ್ನು ಬಿಟ್ಟು ವಿಸ್ಕಾನ್ಸಿನ್ನಿಗೆ ಹಿಂದಿರುಗಿದರು.

1874ರಲ್ಲಿ ಅವರು ಮಿನಿಸೋಟಾ ಪ್ರಾಂತಕ್ಕೆ ಹೋದರು. ಅಲ್ಲಿ ಮೊದಲು ಹಳ್ಳದ ದಂಡೆಯನ್ನು ಕೊರೆದು ಮಾಡಿದ ಮಣ್ಣಿನ ಮನೆಯಲ್ಲಿ ಸಂಸಾರ ಹೂಡಿದರು. ಗೋದಿಯ ಬೆಳೆಯು ಕೈಗೆ ಬರುವಷ್ಟರಲ್ಲಿ ಮಿಡತೆಯ ದಂಡು ಮುಗಿಲು ಮುಸುಕಿ ಬಂದು ಹೊಲವನ್ನೆಲ್ಲ ತಿಂದುಹಾಕಿತು. ಚಾರ್ಲ್ಸನು ಕೂಲಿಯನ್ನರಸಿ ದೂರ ಹೋದಾಗ ಮನೆಯ ಭಾರವೆಲ್ಲ ಕ್ಯಾರೊಲೈನಳ ಮೇಲೆ ಬಿದ್ದಿತು. 1876ರ ಅಗಸ್ಟಿನಲ್ಲಿ ಆಕೆಯ ಒಬ್ಬನೇ ಮಗನು 9 ತಿಂಗಳ ಕೂಸಿದ್ದಾಗ ತೀರಿಕೊಂಡನು. 1879ರಲ್ಲಿ ಹಿರಿಯ ಮಗಳಾದ ಮೇರಿಯು 14ನೆಯ ವಯಸ್ಸಿನಲ್ಲಿ ಕಠಿಣವಾದ ಬೇನೆಯಿಂದ ಎರಡೂ ಕಣ್ಣುಗಳನ್ನು ಕಳೆದುಕೊಂಡಳು.

ಅದೇ ವರುಷ ಕುಟುಂಬವು ಡಕೋಟಾ ಪ್ರಾಂತಕ್ಕೆ ಸಾಗಿ, ತರುವಾಯ ಡಿ ಸ್ಮೆಟ್ ಎಂಬ ಹೊಸ ಊರಿನ ಬಳಿಯಲ್ಲಿ ಸರಕಾರಿ ಭೂಮಿಯನ್ನು ಹಿಡಿಯಿತು. 1880-81ರ ಚಳಿಗಾಲವು ಅತಿ ಭಯಂಕರವಾಗಿತ್ತು. ಹಿಮವು ಹಳಿಗಳನ್ನು ಮುಚ್ಚಿದ್ದರಿಂದ ಅನೇಕ ತಿಂಗಳು ರೈಲುಗಾಡಿಯು ಬರಲಿಲ್ಲ. ಹಿಟ್ಟೂ ಕಲ್ಲಿದ್ದಲೂ ತೀರಿದವು. ಆಗ ಮನೆಯವರು ಒಣಹುಲ್ಲನ್ನು ಹುರಿಯಾಗಿ ಹೊಸೆದು ಉರುವಲು ಮಾಡಿಕೊಂಡರು. ಕಾಫಿ ಬೀಜ ಪುಡಿಮಾಡುವ ಚಿಕ್ಕ ಯಂತ್ರದಲ್ಲಿ ಗೋದಿಯನ್ನು ಬೀಸಿ ರೊಟ್ಟಿ ಮಾಡಿ ಜೀವ ಉಳಿಸಿಕೊಂಡರು.

ಚಾರ್ಲ್ಸನಿಗೆ ಇನ್ನೂ ಪಶ್ಚಿಮಕ್ಕೆ ಹೋಗುವ ಆಶೆಯಿತ್ತು. ಆದರೆ ಮಕ್ಕಳಿಗೆ ಶಾಲೆ ಇರುವಲ್ಲಿಯೇ ನಿಲ್ಲಬೇಕೆಂದು ಕ್ಯಾರೊಲೈನಳು ಗಂಡನಿಂದ ಮಾತು ಪಡೆದಿದ್ದಳೆಂದು ಎರಡನೆಯ ಮಗಳಾದ ಲಾರಾ ಬರೆದಿದ್ದಾಳೆ. ಗಂಡನು ಆ ಮಾತನ್ನು ನಡಿಸಿದನು. ಕುಟುಂಬವು ಡಿ ಸ್ಮೆಟ್ಟಿನಲ್ಲಿಯೇ ನೆಲೆಸಿತು. ಕುರುಡಿಯಾದ ಮಗಳನ್ನು ಮನೆಯ ಮೂಲೆಯಲ್ಲಿ ಕೂಡ್ರಿಸಲು ಈ ತಾಯಿಯ ಮನಸ್ಸು ಒಪ್ಪಲಿಲ್ಲ. 1881ರಲ್ಲಿ ಮೇರಿಯನ್ನು ಅಯೋವಾ ಪ್ರಾಂತದ ವಿಂಟನ್ ಊರಿನ ಅಂಧರ ವಿದ್ಯಾಲಯಕ್ಕೆ ಕಳಿಸಿದರು. ಲಾರಾಳು ಹಳ್ಳಿಯ ಶಾಲೆಗಳಲ್ಲಿ ಕಲಿಸಿ ಗಳಿಸಿದ ಹಣವು ಅಕ್ಕನ ವಿದ್ಯೆಗೆ ನೆರವಾಯಿತು. 1889ರಲ್ಲಿ ಮೇರಿಯು ವಿದ್ಯಾಭ್ಯಾಸವನ್ನು ಪೂರ್ಣಗೊಳಿಸಿ ಮನೆಗೆ ಬಂದಳು.

ಡಿ ಸ್ಮೆಟ್ಟಿನ ಕ್ರೈಸ್ತ ಸಭೆಯು 1880ರಲ್ಲಿ ಸ್ಥಾಪನೆಯಾದಾಗ ಮೊದಲ ಸದಸ್ಯರಲ್ಲಿ ಈ ದಂಪತಿಗಳೂ ಇದ್ದರು. 1902ರಲ್ಲಿ ಚಾರ್ಲ್ಸನು ತೀರಿಕೊಂಡ ತರುವಾಯ ಕ್ಯಾರೊಲೈನಳು ಮೇರಿಯೊಡನೆ ಊರೊಳಗಿನ ಮನೆಯಲ್ಲಿ ಬಾಳಿದಳು. ಅಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡು ಸಂಸಾರ ಸಾಗಿಸಿದಳು. 1924ರ ಎಪ್ರಿಲ್ 20ರಂದು, 84ನೆಯ ವಯಸ್ಸಿನಲ್ಲಿ, ಆಕೆಯು ಸ್ವರ್ಗಸ್ಥಳಾದಳು.

ಆಗ ಆಕೆಯ ಹೆಸರನ್ನು ಊರಿನವರಲ್ಲದೆ ಬಲ್ಲವರು ಕಡಿಮೆ. 1932ರಿಂದ 1943ರ ವರೆಗೆ ಲಾರಾ ಇಂಗಲ್ಸ್ ವೈಲ್ಡರಳು ತನ್ನ ಬಾಲ್ಯವನ್ನು ಆಧರಿಸಿ ಪ್ರಕಟಿಸಿದ ಪುಸ್ತಕಗಳಿಂದ ಆ ತಾಯಿಯು ಲೋಕಕ್ಕೆ ಪರಿಚಿತಳಾದಳು.

ಪ್ರಿಯ ಪಾಲಕರೇ, ಕ್ಯಾರೊಲೈನಳ ಹೆಸರಿನಲ್ಲಿ ಆ ಭೂಮಿಯಲ್ಲಿ ಒಂದು ಗೇಣು ನೆಲವೂ ಇದ್ದಿಲ್ಲ. ಮಿಡತೆ ತಿಂದ ಬೆಳೆಯು ತಿರುಗಿ ಬರಲಿಲ್ಲ; ಕಟ್ಟಿದ ಮನೆಗಳು ಒಂದೊಂದಾಗಿ ಹಿಂದುಳಿದವು. ಆದರೆ ಹೆಣ್ಣುಮಕ್ಕಳಿಗೆ ಆಕೆಯು ಕೊಡಿಸಿದ ವಿದ್ಯೆಯು ಅವರೊಡನೆಯೇ ಉಳಿಯಿತು. ಕಣ್ಣಿಲ್ಲದ ಮಗಳಿಗೂ ಶಾಲೆ ಬೇಕೆಂದ ಆ ಮಾತೆಯನ್ನು ನೆನೆದು, ನಮ್ಮ ಊರುಗಳಲ್ಲಿ ಸುಗ್ಗಿಗೆಂದೋ ತಮ್ಮಂದಿರನ್ನು ಆಡಿಸುವದಕ್ಕೆಂದೋ ಯಾವ ಹುಡುಗಿಯನ್ನೂ ಶಾಲೆಯಿಂದ ಬಿಡಿಸದಿರೋಣ.