ಸಾಲ ತೀರಿಸಿ ದೇವರಾದ ದೊರೆ

ನಮ್ಮಲ್ಲಿ ಬಹಳ ಜನ ಎಜುಕೇಶನ್ ಲೋನ್ ತಗೊಂಡೇ ಇಲ್ಲಿಗೆ ಬಂದವರು. ತಿಂಗಳ ಕೊನೆಗೆ ಬರೀ ಅನ್ನ-ಸಾರಲ್ಲಿ ದಿನ ದೂಡೋದು ನಮಗೇನೂ ಹೊಸದಲ್ಲ. ಅದಕ್ಕೇ ಈ ಸಲ ಸಾಲದಲ್ಲೇ ಪಟ್ಟಕ್ಕೆ ಬಂದ ಜಪಾನಿನ ಒಬ್ಬ ದೊರೆಯ ಕಥೆ. ಅವನೇ ಉಏಸುಗಿ ಯೋಜಾನ್.

ಹುಟ್ಟಿದ್ದು 1751ರಲ್ಲಿ, ತಕನಾಬೆ ಎಂಬ ಸಣ್ಣ ಸಂಸ್ಥಾನದ ದೊರೆಯ ಎರಡನೇ ಮಗನಾಗಿ. ಯೊನೆಜಾವಾದ ಉಏಸುಗಿ ಮನೆತನ ಅವನನ್ನು ದತ್ತು ತೆಗೆದುಕೊಂಡಿತು. 1767ರಲ್ಲಿ, ಹದಿನಾರು ತುಂಬುವ ಮೊದಲೇ, ಪಟ್ಟ ಸಿಕ್ಕಿತು. ಜೊತೆಗೆ ಸುಮಾರು 2 ಲಕ್ಷ ರ್‍ಯೊ ಸಾಲವೂ ಸಿಕ್ಕಿತು!

ಕಾರಣ ಸರಳ. ಹಿಂದೆ 12 ಲಕ್ಷ ಕೊಕು ಅಕ್ಕಿಯ ಆದಾಯವಿದ್ದ ಮನೆತನ ಅದು. ಯುದ್ಧದಲ್ಲಿ ಸೋತ ಕಡೆ ನಿಂತಿದ್ದಕ್ಕೆ, ಆಮೇಲೆ ವಾರಸುದಾರರ ತೊಡಕಿಗೆ, ಅದು 1.5 ಲಕ್ಷಕ್ಕೆ ಇಳಿದಿತ್ತು. ಆದರೆ ಸಮುರಾಯ್‌ಗಳ ಸಂಖ್ಯೆಯೂ ದರ್ಬಾರೂ ಹಳೇ ಲೆಕ್ಕದಲ್ಲೇ ನಡೀತಿತ್ತು. ಹಾಸಿಗೆ ಚಿಕ್ಕದಾದರೂ ಕಾಲು ಮಡಚಲು ಯಾರೂ ತಯಾರಿರಲಿಲ್ಲ.

ಯೋಜಾನ್ ಮೊದಲು ತನ್ನ ಕಾಲನ್ನೇ ಮಡಚಿದ. ಸ್ವಂತ ಖರ್ಚು ವರ್ಷಕ್ಕೆ 1500 ರ್‍ಯೊದಿಂದ 209ಕ್ಕೆ ಬಂತು. ಅರಮನೆಯ 50 ಸೇವಕಿಯರು 9 ಆದರು. ರೇಷ್ಮೆ ಹೋಗಿ ಹತ್ತಿ ಬಟ್ಟೆ ಬಂತು, ಊಟಕ್ಕೆ ಒಂದು ಸಾರು, ಒಂದು ಪಲ್ಯ.

ಹಿರಿಯರಿಗೆ ಇದು ಹಿಡಿಸಲಿಲ್ಲ. 1773ರಲ್ಲಿ ಏಳು ಮಂದಿ ಹಿರಿಯ ಅಧಿಕಾರಿಗಳು ಸುಧಾರಣೆ ನಿಲ್ಲಿಸಬೇಕೆಂದು ಪಟ್ಟು ಹಿಡಿದರು. ಆತ ಅವರ ದೂರುಗಳನ್ನು ವಿಚಾರಿಸಿ, ಅವು ಸುಳ್ಳೆಂದು ತಿಳಿದ ಮೇಲೆ ಇಬ್ಬರಿಗೆ ಸೆಪ್ಪುಕು, ಅಂದ್ರೆ ಆತ್ಮಾಹುತಿಯ ಶಿಕ್ಷೆ ಕೊಟ್ಟ. ಸೌಮ್ಯ ದೊರೆ ಅಂತ ಹೊಗಳುವಾಗ ಈ ಕಠಿಣ ಮುಖವನ್ನು ಮರೀಬಾರದು.

ಉಳಿತಾಯವೊಂದೇ ಸಾಲದು ಅಂತ ಅವನಿಗೆ ಗೊತ್ತಿತ್ತು. ಅರಗಿನ ಮರ, ಹಿಪ್ಪುನೇರಳೆ, ಕಾಗದದ ಗಿಡ ನೆಡಿಸಿದ. ಸಮುರಾಯ್‌ಗಳ ಕೈಗೂ ಗುದ್ದಲಿ ಬಂತು, ಅವರ ಮನೆಯ ಹೆಂಗಸರು ಮಗ್ಗ ಹಿಡಿದರು. ಯೊನೆಜಾವಾ ರೇಷ್ಮೆಗೆ ಇವತ್ತಿಗೂ ಹೆಸರಿದೆ. ಬೇಲಿಗೂ ತಿನ್ನಬಹುದಾದ ಉಕೊಗಿ ಗಿಡ! 1776ರಲ್ಲಿ ಗುರು ಹೊಸೊಯ್ ಹೇಯ್‌ಶುವನ್ನು ಕರೆಸಿ ಕೊಜೊಕಾನ್ ಶಾಲೆ ತೆರೆದ. 1780ರ ದಶಕದ ಭೀಕರ ಬರದಲ್ಲಿ ಹೊರಗಿನಿಂದ ಅಕ್ಕಿ ತರಿಸಿ ಜನರಿಗೆ ಹಂಚಿಸಿದ.

1785ರಲ್ಲಿ ಸಾಕುತಂದೆಯ ಸ್ವಂತ ಮಗನಿಗೇ ಪಟ್ಟ ಬಿಟ್ಟುಕೊಟ್ಟ. ಜೊತೆಗೆ ಮೂರು ಮಾತು ಬರೆದುಕೊಟ್ಟ. ಅವುಗಳ ಸಾರ ಇಷ್ಟೇ: ರಾಜ್ಯ ದೊರೆಯ ಸ್ವಂತ ಆಸ್ತಿಯಲ್ಲ, ಪ್ರಜೆಗಳಿಗಾಗಿ ದೊರೆ.

ಯೋಜಾನ್ ತೀರಿಕೊಂಡಿದ್ದು 1822ರಲ್ಲಿ. ಸಾಲ ಹೆಚ್ಚುಕಡಿಮೆ ಪೂರ್ತಿ ತೀರಿದ್ದು ಮರುವರ್ಷ. ನೋಡಲು ಅವನಿರಲಿಲ್ಲ. ಇಂದು ಯೊನೆಜಾವಾದ ಮತ್ಸುಗಸಾಕಿ ಶಿಂಟೋ ಗುಡಿಯಲ್ಲಿ ಅವನೇ ದೇವರು. ಯುದ್ಧ ಗೆದ್ದಿದ್ದಕ್ಕಲ್ಲ, ಐವತ್ತೈದು ವರ್ಷ ಲೆಕ್ಕ ತಪ್ಪದೆ ಬದುಕಿದ್ದಕ್ಕೆ. ಮುಂದಿನ ಸಲ ಇಎಂಐ ಕಟ್ಟುವಾಗ ಒಮ್ಮೆ ನೆನಪಿಸಿಕೊಳ್ಳಿ.