ಬೀಟಾದ ಹಿಂದಿನ ನ್ಯೂಮಾರ್ಕ್

ಸೆಪ್ಟೆಂಬರ್ ಬಂತೆಂದರೆ ನಮ್ಮ ಸಂಘದಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಲೇಖನ ಬಂದೇ ಬರ್ತದೆ. ಅದೇ ತಿಂಗಳ 22ಕ್ಕೆ, 1910ರಲ್ಲಿ ಹುಟ್ಟಿದ ಇನ್ನೊಬ್ಬ ಇಂಜಿನಿಯರ್ ನಮಗೆ ಸಿಕ್ಕಿದ್ದು ಸೀನಿಯರ್‌ಗಳ ಲ್ಯಾಪ್‌ಟಾಪಿನಲ್ಲಿ. ಸ್ಫೋಟ ತಾಗಿದರೆ ಆರ್‌ಸಿಸಿ ಸ್ಲ್ಯಾಬ್ ಏನಾಗ್ತದೆ ಅಂತ ಅವರು ಸಿಮ್ಯುಲೇಶನ್ ಮಾಡ್ತಿದ್ದರು. ಅದರಲ್ಲಿ ನ್ಯೂಮಾರ್ಕ್ ಬೀಟಾ ಅಂತ ಒಂದು ಸಾಲು. ಬೀಟಾ ಸರಿ, ನ್ಯೂಮಾರ್ಕ್ ಯಾರು? ಯಾರಿಗೂ ಗೊತ್ತಿರಲಿಲ್ಲ.

ನೇಥನ್ ನ್ಯೂಮಾರ್ಕ್ ಅಮೆರಿಕದ ನ್ಯೂಜೆರ್ಸಿಯವರು. 1934ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಲ್ಲೇ ಉಳಿದರು. ನಮ್ಮ ತಲೆ ತಿನ್ನುವ ಮೊಮೆಂಟ್ ಡಿಸ್ಟ್ರಿಬ್ಯೂಷನ್‌ನ ಹಾರ್ಡಿ ಕ್ರಾಸ್ ಅವರ ಗುರುಗಳಲ್ಲಿ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ರಕ್ಷಣಾ ಸಂಶೋಧನೆಗೆ ಹೋದವರು, ಆಮೇಲೆ ಅಣುಬಾಂಬಿನ ಹೊಡೆತ ತಡೆಯುವ ಕಟ್ಟಡಗಳ ಲೆಕ್ಕಕ್ಕೆ ಇಳಿದರು. ಇದನ್ನು ಓದುವಾಗ ನಮಗೆ ಸ್ವಲ್ಪ ಕಸಿವಿಸಿ ಆದದ್ದು ನಿಜ.

ಆದರೆ ಸಮಸ್ಯೆ ಮಾತ್ರ ಭಾರೀ ಚಂದ ಉಂಟು. ಸ್ಫೋಟದ ಒತ್ತಡ ಕೆಲವೇ ಮಿಲಿಸೆಕೆಂಡಿನಲ್ಲಿ ಏರಿ ಇಳಿದು ಹೋಗ್ತದೆ. ಸ್ಲ್ಯಾಬ್ ಬಗ್ಗಲು ಶುರು ಮಾಡುವಷ್ಟರಲ್ಲಿ ಭಾರವೇ ಇರುವುದಿಲ್ಲ, ಆದರೂ ಅದು ಬಗ್ಗುತ್ತಲೇ ಹೋಗ್ತದೆ, ಕಾಂಕ್ರೀಟ್ ಬಿರುಕು ಬಿಡ್ತದೆ, ಕಬ್ಬಿಣ ಎಳೆದುಕೊಳ್ತದೆ. ಒಂದೇ ಸೂತ್ರದಲ್ಲಿ ಇದು ಮುಗಿಯುವ ಕತೆಯಲ್ಲ. ನ್ಯೂಮಾರ್ಕ್ 1959ರ ಪ್ರಬಂಧದಲ್ಲಿ ಕಾಲವನ್ನೇ ಚೂರು ಚೂರು ಮಾಡಿದರು. ಈಗಿನ ಸ್ಥಾನ, ವೇಗ, ವೇಗೋತ್ಕರ್ಷ ಗೊತ್ತಿದ್ದರೆ ಮುಂದಿನ ಚೂರಿನದ್ದು ಕಂಡುಹಿಡಿಯಬಹುದು. ನಡುವೆ ವೇಗೋತ್ಕರ್ಷ ಹೇಗೆ ಬದಲಾಗ್ತದೆ ಅಂತ ಊಹಿಸುವುದೇ ಬೀಟಾದ ಕೆಲಸ. 1/4 ಅಂದರೆ ಸರಾಸರಿ, 1/6 ಅಂದರೆ ನೇರ ಗೆರೆಯಲ್ಲಿ ಏರಿಳಿತ. 0 ಹಾಕಿದರೆ ಸೆಂಟ್ರಲ್ ಡಿಫರೆನ್ಸ್ ಆಗ್ತದೆ, ಸ್ಫೋಟಕ್ಕೆ ಇವತ್ತಿಗೂ ಹೆಚ್ಚಾಗಿ ಅದೇ. ಹೆಜ್ಜೆ ಮಾತ್ರ ತೀರಾ ಸಣ್ಣದಿರಬೇಕು. ಅವರ ಕ್ಯಾಂಪಸ್ಸಿನಲ್ಲೇ 1952ರಲ್ಲಿ ಇಲಿಯಾಕ್ ಕಂಪ್ಯೂಟರ್ ಚಾಲೂ ಆಗಿತ್ತು, ಆ ಪ್ರಯೋಗಾಲಯದ ಹೊಣೆಯೂ ಅವರ ಮೇಲಿತ್ತು.

ಬಾಂಬಿಗೆ ಬಂದ ಲೆಕ್ಕವೇ ಭೂಕಂಪಕ್ಕೂ ಬರ್ತದೆ. ಮೆಕ್ಸಿಕೋ ನಗರದ 44 ಮಹಡಿಯ ಲ್ಯಾಟಿನೋ ಅಮೆರಿಕಾನಾ ಗೋಪುರಕ್ಕೆ ಸಲಹೆ ಕೊಟ್ಟವರು ಇವರೇ. ಕೆರೆಯಂಥ ಮೆತ್ತನೆ ಮಣ್ಣಿನ ಮೇಲೆ ನಿಂತ ಗೋಪುರ 1957ರ ಭೂಕಂಪವನ್ನು ತಡೆದುಕೊಂಡಿತು. 1985ರಲ್ಲೂ ನಿಂತಿತು. ಅದನ್ನು ನೋಡಲು ಅವರಿರಲಿಲ್ಲ, 1981ರಲ್ಲೇ ತೀರಿಕೊಂಡಿದ್ದರು.

2022ರ ಜೂನ್‌ನಲ್ಲಿ ಸಂಪಾಜೆ ಕಡೆ ಭೂಮಿ ನಡುಗಿದ್ದು ಸುಳ್ಯದವರು ಮರೆತಿಲ್ಲ. ನಮ್ಮ ಕಡಬದ ಗೆಳೆಯನ ಮನೆಯಲ್ಲಂತೂ ಕಲ್ಲಿನ ಕೋರೆಯಲ್ಲಿ ಸ್ಫೋಟ ಆದಾಗೆಲ್ಲ ಕಿಟಕಿ ಗಡಗಡ ಅಂತದೆ. ಅವನ ಒತ್ತಾಯಕ್ಕೆ ಮೊನ್ನೆ ಎಕ್ಸೆಲ್‌ನಲ್ಲಿ ಒಂದು ಸ್ಲ್ಯಾಬಿಗೆ ನ್ಯೂಮಾರ್ಕ್ ಹಾಕಿ ನೋಡಿದೆವು. ಮೊದಲ ಸಲ ಮೈನಸ್ ತಪ್ಪಿ ಸ್ಲ್ಯಾಬ್ ಆಕಾಶಕ್ಕೆ ಹಾರಿತು. ರಾತ್ರಿ ಹನ್ನೊಂದಕ್ಕೆ ಸರಿಯಾಯಿತು ಮಾರಾಯ್ರೆ, ಏರಿತು, ಇಳಿಯಿತು, ಮೆಲ್ಲ ನಿಂತಿತು.